ನಗೆ ನಿಲ್ಲುವ ಎಡೆ

ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ತನ್ನ ತಪ್ಪನ್ನು ನೆಲದ ಮೇಲೋ, ಗ್ರಹಗತಿಯ ಮೇಲೋ, ನೆರೆಯವರ ಮೇಲೋ ಹೊರಿಸಿ ಹಗುರಾಗುವುದು ಮನುಷ್ಯನ ಹುಟ್ಟುಗುಣ. ಪರೀಕ್ಷೆಯಲ್ಲಿ ನಪಾಸಾದ ಹುಡುಗ ಪ್ರಶ್ನೆಪತ್ರಿಕೆಯನ್ನು ದೂರುತ್ತಾನೆ. ಹೊತ್ತುಮೀರಿ ಕಚೇರಿಗೆ ಬಂದ ಗುಮಾಸ್ತ ಬಸ್ಸನ್ನು ದೂರುತ್ತಾನೆ. ಸಾರು ಕೆಟ್ಟ ದಿನ ಅಪವಾದವೆಲ್ಲ ಅಂಗಡಿಯ ಪುಡಿಯ ಮೇಲೆ. ಇವೆಲ್ಲ ಸಂಸಾರದಲ್ಲಿ ನಡೆದುಹೋಗುವ ಚಿಕ್ಕ ಸುಳ್ಳುಗಳು. ಆದರೆ ತಪ್ಪು ದೊಡ್ಡದಾದಾಗ, ಅದರಿಂದ ಒಂದು ಜೀವವೋ ಒಂದು ಮನೆಯೋ ಹಾಳಾದಾಗ, ನೆಲವನ್ನು ದೂರಿ ಅಭ್ಯಾಸವಾದ ಬಾಯಿ ಏನನ್ನು ಹೇಳಬೇಕು? ‘ತಪ್ಪು ನನ್ನದೇ’ ಎಂಬ ಎರಡು ಪದಗಳಷ್ಟು ಭಾರವಾದ ಮಾತು ಯಾವ ಭಾಷೆಯಲ್ಲಿಯೂ ಇರಲಾರದು. ಅದನ್ನು ಅಳುತ್ತ ಹೇಳಿದವರುಂಟು, ತಲೆ ತಗ್ಗಿಸಿ ಹೇಳಿದವರುಂಟು. ನಗುತ್ತ, ಕೇಳುವವರನ್ನೂ ನಗಿಸುತ್ತ ಹೇಳಿದವರು ವಿರಳ.

ಅಂಥವರು ಸಿಗುವುದು ಬಹುಮಂದಿ ಹಿರಿಯರು ಹುಡುಕಲಾರದ ಕಡೆಯಲ್ಲಿ: ಅಮೆರಿಕದ ರ್ಯಾಪ್ ಹಾಡುಗಳಲ್ಲಿ. ಮನೆಯ ಮಗ ಕದ ಮುಚ್ಚಿಕೊಂಡು ಕೇಳುವ ಈ ಸಂಗೀತ ಹೊರಗೆ ಕುಳಿತ ತಂದೆಗೆ ಹಾಡೆಂದೇ ತೋರುವುದಿಲ್ಲ. ಯಾರೋ ಇಬ್ಬರು ಮದ್ದಳೆ ಬಾರಿಸಿಕೊಂಡು ಜಗಳವಾಡುತ್ತಿರುವಂತೆ ಕೇಳಿಸುತ್ತದೆ. ಆ ಜಗಳದ ಮಾತುಗಳಲ್ಲಿ ನಾಲ್ಕು ಅರ್ಥವಾದರೆ ಅವುಗಳಲ್ಲಿ ಎರಡು ಬೈಗುಳಗಳು. ಕೇಳಿದ ತಾಯಿ ‘ರಾಮ ರಾಮ’ ಎನ್ನುವುದು ಸಹಜ. ಆದರೂ ಈ ಗದ್ದಲದ ನಡುವೆ ಕಥೆ ಹೇಳುವ ಹಾಡುಗಳ ಒಂದು ಪ್ರತ್ಯೇಕ ಧಾರೆಯಿದೆ. ಅದನ್ನು ತಾಳ್ಮೆಯಿಂದ ಆಲಿಸಿದವರಿಗೆ ಒಂದು ಸೋಜಿಗ ಕಾದಿರುತ್ತದೆ: ಅಲ್ಲಿ ನಗೆ ಇರುವುದು ತಪ್ಪನ್ನು ಮರೆಸುವುದಕ್ಕಲ್ಲ, ಹೊಣೆಯನ್ನು ಕೇಳುವವನ ಮನೆಬಾಗಿಲವರೆಗೆ ಹೊತ್ತು ತರುವುದಕ್ಕೆ.

ರ್ಯಾಪಿನ ಜನ್ಮಸ್ಥಳ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಬಡವರ ಬಡಾವಣೆ. ೧೯೭೩ರ ಆಗಸ್ಟ್ ೧೧ರಂದು ಅಲ್ಲಿನ ಸೆಡ್ಜ್‌ವಿಕ್ ಅವೆನ್ಯೂವಿನ ೧೫೨೦ನೆಯ ನಂಬರಿನ ವಠಾರದಲ್ಲಿ ಕ್ಲೈವ್ ಕ್ಯಾಂಪ್‌ಬೆಲ್ ಎಂಬ ಹದಿನೆಂಟರ ತರುಣ ತನ್ನ ತಂಗಿ ಏರ್ಪಡಿಸಿದ್ದ ಔತಣಕೂಟಕ್ಕೆ ಗ್ರಾಮಫೋನ್ ತಟ್ಟೆಗಳನ್ನು ನುಡಿಸಿದ. ತಂಗಿಗೆ ಶಾಲೆ ತೆರೆಯುವ ಮುನ್ನ ಹೊಸ ಬಟ್ಟೆಗೆ ಹಣ ಬೇಕಿತ್ತು. ಜಮೈಕಾದಿಂದ ವಲಸೆ ಬಂದ ಈ ತರುಣ ಮುಂದೆ ‘ಕೂಲ್ ಹರ್ಕ್’ ಎಂದು ಪ್ರಸಿದ್ಧನಾದ; ಆ ರಾತ್ರಿಯನ್ನು ಈ ಕಲೆಯ ಹುಟ್ಟುಹಬ್ಬವೆಂದು ಇಂದು ಆಚರಿಸುತ್ತಾರೆ. ಆದರೆ ತಾಳಕ್ಕೆ ಸರಿಯಾಗಿ ಪ್ರಾಸಬದ್ಧವಾಗಿ ಕಥೆ ಹೇಳುವ ರೂಢಿ ಅದಕ್ಕಿಂತ ಬಹು ಹಳೆಯದು. ಆಫ್ರಿಕ ಮೂಲದ ಅಮೆರಿಕನ್ನರ ಕ್ಷೌರದಂಗಡಿಗಳಲ್ಲಿ, ಬೀದಿಯ ಮೂಲೆಗಳಲ್ಲಿ, ಸೆರೆಮನೆಗಳಲ್ಲಿ ‘ಟೋಸ್ಟ್’ ಎಂಬ ಕಥನಪದ್ಯಗಳು ಬಾಯಿಂದ ಬಾಯಿಗೆ ಹರಿದುಬಂದಿದ್ದವು.

ಆ ಹಳೆಯ ಕಥೆಗಳ ಪೈಕಿ ಹೆಸರಾಂತ ನಾಯಕ ಸ್ಟ್ಯಾಗರ್ ಲೀ. ಇವನು ಕೇವಲ ಕಲ್ಪನೆಯ ಕೂಸಲ್ಲ. ೧೮೯೫ರ ಕ್ರಿಸ್‌ಮಸ್ ರಾತ್ರಿ ಸೇಂಟ್ ಲೂಯಿಸ್ ನಗರದ ಪಾನಗೃಹವೊಂದರಲ್ಲಿ ಲೀ ಶೆಲ್ಟನ್ ಎಂಬವನು ಬಿಲ್ಲಿ ಲಯನ್ಸ್ ಎಂಬವನನ್ನು ಗುಂಡಿಟ್ಟು ಕೊಂದ. ಜಗಳಕ್ಕೆ ಕಾರಣ ಒಂದು ಟೋಪಿ. ಗುಂಡು ಹಾರಿಸಿದವನು ತನ್ನ ಟೋಪಿಯನ್ನು ಎತ್ತಿಕೊಂಡು ತಣ್ಣಗೆ ಹೊರನಡೆದನಂತೆ. ಒಂದು ಟೋಪಿಗೆ ಒಂದು ಪ್ರಾಣ! ಈ ವಿಪರೀತವನ್ನೇ ಹಿಡಿದು ಕಟ್ಟಿದ ಹಾಡು ಅಮೆರಿಕದ ಉದ್ದಗಲಕ್ಕೂ ಹಬ್ಬಿತು. ಕಾನೂನಿನ ಆಸರೆಯೇ ಸಿಗದಿದ್ದ ಜನ ಕಾನೂನಿಗೆ ಹೆದರದ ಈ ದುಷ್ಟನನ್ನು ಕಂಡು ನಕ್ಕರು, ಒಳಗೊಳಗೇ ಮೆಚ್ಚಿದರು. ಆ ನಗೆಯಲ್ಲಿ ನೋವಿತ್ತು, ಸಿಟ್ಟಿತ್ತು. ಹೊಣೆಯ ಅರಿವು ಮಾತ್ರ ಇರಲಿಲ್ಲ. ಸತ್ತವನ ಮನೆಯವರು ಆ ಹಾಡುಗಳಲ್ಲಿ ಬಹುಪಾಲು ಹಿಂದೆಯೇ ನಿಲ್ಲುತ್ತಾರೆ. ಕೊಂದವನು ಪಶ್ಚಾತ್ತಾಪದ ಗೋಜಿಗೇ ಹೋಗುವುದಿಲ್ಲ.

ಹೊಸ ಕಾಲದ ಕಥನಕಾರರು ಈ ಹಳೆಯ ನಗೆಯನ್ನು ಬಿಡಲಿಲ್ಲ; ಅದರ ಮೊನೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಭಾರತೀಯ ಲಕ್ಷಣಕಾರರಿಗೆ ಈ ಬೆರಕೆ ಒಪ್ಪಿಗೆಯಾಗುತ್ತಿರಲಿಲ್ಲವೇನೋ. ಹದಿನಾಲ್ಕನೆಯ ಶತಮಾನದ ವಿಶ್ವನಾಥ ತನ್ನ ‘ಸಾಹಿತ್ಯದರ್ಪಣ’ದಲ್ಲಿ ಹಾಸ್ಯರಸಕ್ಕೆ ಭಯಾನಕವೂ ಕರುಣವೂ ವಿರೋಧಿಗಳೆಂದು ಹೇಳಿದ್ದಾನೆ. ಈ ಹಾಡುಗಾರರಾದರೋ ಮೂರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸುತ್ತಾರೆ. ಊಟ ಮಾಡುವವನಿಗೆ ಮೊದಲು ರುಚಿಸುವುದು ಹಾಸ್ಯ. ಉಳಿದೆರಡು ಹೊಟ್ಟೆಗೆ ಇಳಿದಮೇಲೆ ತಿಳಿಯುತ್ತವೆ.

‘ಸ್ಲಿಕ್ ರಿಕ್’ ಎಂಬ ಹೆಸರಿನಿಂದ ಹಾಡುವ ರಿಚರ್ಡ್ ವಾಲ್ಟರ್ಸ್ ಈ ಬಗೆಯ ಕಥನಕ್ಕೆ ಗುರುಸ್ಥಾನದಲ್ಲಿರುವವನು. ೧೯೬೫ರಲ್ಲಿ ಲಂಡನ್ನಿನಲ್ಲಿ ಜಮೈಕಾ ಮೂಲದವರ ಮನೆಯಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಬ್ರಾಂಕ್ಸಿಗೆ ಬಂದವನು. ಶೈಶವದಲ್ಲಿ ಗಾಜು ತಗುಲಿ ಒಂದು ಕಣ್ಣಿಗೆ ಪೆಟ್ಟಾಯಿತು. ಆ ಕಣ್ಣಿನ ಮೇಲೆ ಕಟ್ಟಿಕೊಂಡ ಪಟ್ಟಿಯೇ ಮುಂದೆ ಆತನ ಗುರುತಾಯಿತು. ೧೯೮೮ರಲ್ಲಿ ಹೊರಬಂದ ಆತನ ಮೊದಲ ಧ್ವನಿಸಂಪುಟದಲ್ಲಿ ‘ಚಿಲ್ಡ್ರನ್ಸ್ ಸ್ಟೋರಿ’ ಎಂಬ ಹಾಡಿದೆ. ಮಲಗುವ ಹೊತ್ತು, ಮಕ್ಕಳು ಕಥೆ ಹೇಳೆಂದು ಮಾಮನನ್ನು ಪೀಡಿಸುತ್ತವೆ, ಮಾಮ ಅಜ್ಜಿಕಥೆಯ ಧಾಟಿಯಲ್ಲಿ ಆರಂಭಿಸುತ್ತಾನೆ. ರಾಜ ರಾಣಿಯರ ಕಥೆ ಬರುವುದೆಂದು ಕಾದರೆ ಬರುವವನು ಕೆಟ್ಟ ಸಹವಾಸಕ್ಕೆ ಬಿದ್ದ ಒಬ್ಬ ಎಳೆಯ ಹುಡುಗ. ಗೆಳೆಯನ ಮಾತಿಗೆ ಮರುಳಾಗಿ ದರೋಡೆ ಮಾಡುತ್ತಾನೆ. ಹಣದ ರುಚಿ ಹತ್ತುತ್ತದೆ. ಒಂದು ದಿನ ಅಡ್ಡಗಟ್ಟಿದ ಆಸಾಮಿ ಮಫ್ತಿಯಲ್ಲಿದ್ದ ಪೋಲೀಸಿನವನೇ ಆಗಿಬಿಡುತ್ತಾನೆ! ಅಲ್ಲಿಂದ ಓಟ, ಗುಂಡಿನ ಸುರಿಮಳೆ, ಕದ್ದ ಮೋಟಾರು ಮರಕ್ಕೆ ಗುದ್ದುವುದು, ಬಸುರಿ ಹೆಂಗಸೊಬ್ಬಳನ್ನು ಒತ್ತೆ ಹಿಡಿಯುವುದು, ಕಡೆಗೆ ಬಂದೂಕ ಕೆಳಗೆ ಹಾಕಿದರೂ ಹುಡುಗ ಸಾಯುವುದು.

ಇಷ್ಟನ್ನೂ ಮಾಮ ತೊಟ್ಟಿಲು ತೂಗುವವನ ದನಿಯಲ್ಲಿ, ಏರಿಳಿತವಿಲ್ಲದೆ, ಕಚಗುಳಿಯಿಡುವ ಪ್ರಾಸಗಳಲ್ಲಿ ಹೇಳಿಬಿಡುತ್ತಾನೆ. ಕಥೆಗೂ ಧಾಟಿಗೂ ಇರುವ ಈ ಅಂತರವೇ ನಗೆಯ ಮೂಲ. ಆದರೆ ಕೊನೆಯಲ್ಲಿ ಇದು ನಗುವ ಸಂಗತಿಯಲ್ಲವೆಂದು ಮಕ್ಕಳಿಗೆ ಮಾಮನೇ ತಾಕೀತು ಮಾಡುತ್ತಾನೆ. ಅದುವರೆಗೆ ನಗುತ್ತಿದ್ದವನಿಗೆ ತುಟಿಯ ಮೇಲಿನ ನಗೆಯನ್ನು ಎಲ್ಲಿ ಬಚ್ಚಿಡಬೇಕೆಂದು ತಿಳಿಯದು. ಹುಡುಗನನ್ನು ಕೆಡಿಸಿದವನು ಗೆಳೆಯನೇ ದಿಟ. ಬಂದೂಕ ಹಿಡಿದ ಕೈ ಮಾತ್ರ ಗೆಳೆಯನದಲ್ಲ. ಕಥೆ ಈ ಎರಡು ಮಾತನ್ನೂ ಒಟ್ಟಿಗೆ ಹೇಳುತ್ತದೆ.

ಮುಂದೆ ನಡೆದದ್ದು ಹಾಡಿಗಿಂತ ಕಠೋರ. ೧೯೯೦ರಲ್ಲಿ ಈ ಹಾಡುಗಾರನೇ, ತನಗೆ ಕೇಡು ಬಗೆಯುತ್ತಿದ್ದಾನೆಂದು ನಂಬಿ, ತನ್ನ ಸೋದರಸಂಬಂಧಿಯ ಮೇಲೆ ಗುಂಡು ಹಾರಿಸಿದ. ಸೋದರಸಂಬಂಧಿಗೂ ದಾರಿಹೋಕನೊಬ್ಬನಿಗೂ ಗಾಯವಾಯಿತು. ಮಕ್ಕಳಿಗೆ ಬುದ್ಧಿ ಹೇಳಿದ ಮಾಮ ತನ್ನ ಕಥೆಯೊಳಕ್ಕೆ ತಾನೇ ಕಾಲಿಟ್ಟಿದ್ದ. ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ವರ್ಷಗಟ್ಟಲೆ ಸೆರೆವಾಸ ಅನುಭವಿಸಿದ. ಶಿಕ್ಷೆ ಮುಗಿದಮೇಲೂ ಕಥೆ ಮುಗಿಯಲಿಲ್ಲ. ಅಮೆರಿಕದ ಪೌರತ್ವವಿಲ್ಲದ ಆತ ೨೦೦೨ರಲ್ಲಿ ಪ್ರವಾಸಿ ಹಡಗೊಂದರಲ್ಲಿ ಹಾಡಿ ಹಿಂದಿರುಗುವಾಗ ವಲಸೆ ಇಲಾಖೆಯವರು ಹಿಡಿದು ಬಂಧನದಲ್ಲಿಟ್ಟರು. ೨೦೦೮ರಲ್ಲಿ ನ್ಯೂಯಾರ್ಕಿನ ರಾಜ್ಯಪಾಲ ಡೇವಿಡ್ ಪ್ಯಾಟರ್‌ಸನ್ ಕ್ಷಮಾದಾನ ನೀಡಿದರು. ತಪ್ಪು ಮಾಡಿದ್ದು ಒಂದು ದಿನ, ತೆತ್ತದ್ದು ಹದಿನೆಂಟು ವರ್ಷ. ಬುದ್ಧಿ ಹೇಳಬಲ್ಲವನೆಲ್ಲ ಬುದ್ಧಿವಂತನಲ್ಲ ಎಂಬ ಮಾತಿಗೆ ಇದಕ್ಕಿಂತ ನಿದರ್ಶನ ಬೇಕೆ? ಆದರೂ ಹಾಡು ಸುಳ್ಳಾಗಲಿಲ್ಲ. ಹೇಳಿದವನ ಬಾಳೇ ಅದನ್ನು ನಿಜಮಾಡಿತು.

ಇನ್ನೊಂದು ಹಾಡು ಮೇಲ್ನೋಟಕ್ಕೆ ಬರಿಯ ಕೋಡಂಗಿಯಾಟ. ‘ಆಫ್ರೋಮ್ಯಾನ್’ ಎಂದು ಕರೆದುಕೊಳ್ಳುವ ಜೋಸೆಫ್ ಫೋರ್‌ಮನ್ನನ ‘ಬಿಕಾಸ್ ಐ ಗಾಟ್ ಹೈ’ ೨೦೦೧ರಲ್ಲಿ ಲೋಕವೆಲ್ಲ ಗುನುಗಿದ ಹಾಡು. ದೊಡ್ಡ ಕಂಪನಿಯ ಜಾಹೀರಾತಿಗಿಂತ ಮುಂಚೆಯೇ ಅಂತರ್ಜಾಲದಲ್ಲಿ ಕೇಳುಗರು ಒಬ್ಬರಿಗೊಬ್ಬರು ಹಂಚಿಕೊಂಡು ಅದನ್ನು ಹಬ್ಬಿಸಿದರು; ಇಂಗ್ಲೆಂಡಿನ ಮಾರಾಟದ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೇರಿತು; ಮರುವರ್ಷ ಗ್ರ್ಯಾಮಿ ಪ್ರಶಸ್ತಿಗೂ ಹೆಸರು ಸೂಚಿತವಾಯಿತು. ಹಾಡಿನ ನಾಯಕ ಗಾಂಜಾ ಸೇದುವವನು. ಕೋಣೆಯನ್ನು ಚೊಕ್ಕಟ ಮಾಡಬೇಕೆಂದಿದ್ದ, ಅಮಲೇರಿತು, ಮಾಡಲಿಲ್ಲ. ತರಗತಿಗೆ ಹೋಗಬೇಕೆಂದಿದ್ದ, ಹೋಗಲಿಲ್ಲ. ಕೆಲಸಕ್ಕೆ ಹೋಗಬೇಕೆಂದಿದ್ದ, ನ್ಯಾಯಾಲಯಕ್ಕೆ ಹಾಜರಾಗಬೇಕೆಂದಿದ್ದ. ಪ್ರತಿಯೊಂದು ನುಡಿಯ ಕೊನೆಯಲ್ಲಿಯೂ ಪಲ್ಲವಿ ಒಂದೇ, ಕಾರಣ ಒಂದೇ.

ಹಾಡಿನ ಜಾಣತನವೆಲ್ಲ ಈ ಏರ್ಪಾಟಿನಲ್ಲಿದೆ. ಪಲ್ಲವಿ ಕದಲುವುದಿಲ್ಲ, ನಷ್ಟ ಮಾತ್ರ ಬೆಳೆಯುತ್ತ ಹೋಗುತ್ತದೆ. ಗುಡಿಸದ ಕೋಣೆಗೆ ಹೇಳಿದ ನೆಪವನ್ನೇ ಸ್ವಾಧೀನ ತಪ್ಪಿದ ಕಾಲುಗಳಿಗೂ, ಬಿಟ್ಟುಹೋದ ಹೆಂಡತಿ ಮಕ್ಕಳಿಗೂ, ಬೀದಿಬದಿಯ ಹಾಸಿಗೆಗೂ ಹೇಳಬೇಕಾಗುತ್ತದೆ. ಒಂದು ಕಾಸಿನ ನಾಣ್ಯದಿಂದ ಅರಮನೆಯ ಸಾಲ ತೀರಿಸಹೊರಟವನ ಪಾಡು ಅದು. ಮೊದಲ ನುಡಿಗೆ ನಕ್ಕವನು ಕೊನೆಯ ನುಡಿಗೂ ನಗುತ್ತಾನೆ. ಆದರೆ ಅಷ್ಟರಲ್ಲಿ ಆ ನೆಪ ಸವೆದು ಬಿಲ್ಲೆಯಾಗಿರುತ್ತದೆ. ನೆಪವನ್ನು ಯಾರೂ ಖಂಡಿಸಲಿಲ್ಲ. ಅದನ್ನು ಪದೇ ಪದೇ ಹೇಳಿಸಿಯೇ ಹಾಡು ಅದರ ಬಣ್ಣ ಬಯಲುಮಾಡಿತು. ಮುಂದೆ ೨೦೧೪ರಲ್ಲಿ, ಗಾಂಜಾ ಬಳಕೆಗೆ ಕಾನೂನಿನ ಸಮ್ಮತಿ ಬೇಕೆಂಬ ಚಳವಳಿಯ ಪರವಾಗಿ, ಇದೇ ಆಫ್ರೋಮ್ಯಾನ್ ಇದೇ ಧಾಟಿಗೆ ಹೊಸ ಮಾತು ಕಟ್ಟಿ ಗಾಂಜಾದ ಪ್ರಯೋಜನಗಳನ್ನು ಹಾಡಿದ. ವಾದದ ಸರಿತಪ್ಪು ಬೇರೆ ವಿಚಾರ. ಕಲೆಯ ದೃಷ್ಟಿಯಿಂದ ಹೊಸ ಹಾಡಿಗೆ ಹಳೆಯದರ ಕಳೆ ಬರಲಿಲ್ಲ. ತನ್ನನ್ನು ಕಟಕಟೆಯಲ್ಲಿ ನಿಲ್ಲಿಸಿಕೊಂಡವನ ಮಾತಿಗೆ ಬರುವ ತೂಕ ವಕೀಲಿ ಮಾಡುವವನ ಮಾತಿಗೆ ಬಾರದಷ್ಟೆ.

ಈ ಕಟಕಟೆಯಲ್ಲಿ ಹಾಡುಗಾರಿಕೆಯೇ ನಿಂತದ್ದು ೨೦೦೦ದಲ್ಲಿ. ‘ಎಮಿನೆಮ್’ ಎಂಬ ಹೆಸರಿನ ಮಾರ್ಷಲ್ ಮ್ಯಾಥರ್ಸ್ ಆಗ ಬಹು ನಿಂದೆಗೆ ಗುರಿಯಾಗಿದ್ದ. ಆತನ ಕ್ರೂರ ಪರಿಹಾಸದಿಂದ ಮಕ್ಕಳು ಕೆಡುತ್ತಾರೆಂದು ತಾಯಿತಂದೆಯರು ಕೂಗೆಬ್ಬಿಸಿದ್ದರು. ತಮಾಷೆಯನ್ನು ನಿಜವೆಂದು ನಂಬುವವನು ದಡ್ಡ ಎಂದು ಉತ್ತರಿಸಿ ಕೈತೊಳೆದುಕೊಳ್ಳುವುದು ಸುಲಭವಿತ್ತು. ಆತ ‘ಸ್ಟ್ಯಾನ್’ ಎಂಬ ಹಾಡನ್ನು ಕಟ್ಟಿದ. ಅದು ಪತ್ರಗಳ ರೂಪದ ಕಥೆ. ಹಿನ್ನೆಲೆಯಲ್ಲಿ ಮಳೆಯ ಸದ್ದು, ಕಾಗದದ ಮೇಲೆ ಸೀಸದ ಕಡ್ಡಿ ಗೀಚುವ ಸದ್ದು. ಸ್ಟ್ಯಾನ್ ಎಂಬ ಅಭಿಮಾನಿ ತನ್ನ ಆರಾಧ್ಯ ಗಾಯಕನಿಗೆ ಪತ್ರ ಬರೆಯುತ್ತಾನೆ, ಉತ್ತರವಿಲ್ಲ. ಮತ್ತೆ ಬರೆಯುತ್ತಾನೆ, ಅಭಿಮಾನ ಸಿಟ್ಟಾಗುತ್ತದೆ. ಮೂರನೆಯ ಬಾರಿ ಬರೆಯುವುದಿಲ್ಲ. ಬಸುರಿಯಾದ ತನ್ನ ಹುಡುಗಿಯನ್ನು ಕಾರಿನ ಹಿಂಬದಿಯಲ್ಲಿ ಕಟ್ಟಿಹಾಕಿ, ಮಳೆಯಲ್ಲಿ ಕಾರು ಓಡಿಸುತ್ತ, ಕೊನೆಯ ಮಾತನ್ನು ಕ್ಯಾಸೆಟ್ಟಿನಲ್ಲಿ ಮುದ್ರಿಸುತ್ತಾನೆ. ಸೇತುವೆಯ ಅಂಚು ಬಂದಾಗ ಅವನಿಗೊಂದು ಸಂಗತಿ ಹೊಳೆಯುತ್ತದೆ: ಈ ಕ್ಯಾಸೆಟ್ಟನ್ನು ಅಂಚೆಗೆ ಹಾಕುವವರು ಯಾರು? ಕರಾಳ ವಿನೋದಕ್ಕೆ ಇದಕ್ಕಿಂತ ಕಪ್ಪು ಬಣ್ಣ ಸಿಗಲಾರದು. ನಗೆ ಬರುತ್ತದೆ; ಬಂದ ಕ್ಷಣವೇ ನಾಚಿಕೆಯೂ ಬರುತ್ತದೆ.

ನಾಲ್ಕನೆಯ ಭಾಗ ಗಾಯಕನ ಉತ್ತರ. ಸಮಾಧಾನದ, ಸಜ್ಜನಿಕೆಯ ಪತ್ರ. ತಡವಾಯಿತೆಂದು ಕ್ಷಮೆ ಕೇಳುತ್ತಾನೆ, ತಮ್ಮನಿಗೆಂದು ಹಸ್ತಾಕ್ಷರವನ್ನೂ ಇಡುತ್ತಾನೆ, ಹುಡುಗಿಯನ್ನು ಚೆನ್ನಾಗಿ ನೋಡಿಕೋ ಎನ್ನುತ್ತಾನೆ. ಹೀಗೇ ಆಗಬಾರದೆಂದು ಬುದ್ಧಿ ಹೇಳಲು ಹೋಗಿ, ಇತ್ತೀಚೆಗೆ ವಾರ್ತೆಯಲ್ಲಿ ಕೇಳಿದ ಸೇತುವೆಯ ದುರಂತವನ್ನು ಪ್ರಸ್ತಾಪಿಸುತ್ತಾನೆ. ಬರೆಯುತ್ತ ಬರೆಯುತ್ತ ಸತ್ತವನ ಗುರುತು ಹತ್ತುತ್ತದೆ. ಪತ್ರ ಅಲ್ಲಿಗೇ ನಿಲ್ಲುತ್ತದೆ. ಹಾಡೂ ನಿಲ್ಲುತ್ತದೆ. ತಪ್ಪು ಯಾರದು? ಸ್ಟ್ಯಾನನದೇ, ಸಂಶಯವಿಲ್ಲ. ಆದರೆ ಉತ್ತರ ಬರೆಯದೆ ಉಳಿದ ಆ ದಿನಗಳು? ಅವುಗಳ ಲೆಕ್ಕ ಯಾರ ಖಾತೆಗೆ? ಹಾಡು ತೀರ್ಪು ಕೊಡುವುದಿಲ್ಲ. ತೀರ್ಪು ಕೊಡಬೇಕಾದವನನ್ನೇ ಕಕ್ಕಾಬಿಕ್ಕಿಯಾಗಿಸಿ ಬಿಡುತ್ತದೆ. ಹದಿಮೂರು ವರ್ಷಗಳ ಬಳಿಕ, ೨೦೧೩ರಲ್ಲಿ, ಎಮಿನೆಮ್ ‘ಬ್ಯಾಡ್ ಗೈ’ ಎಂಬ ಉತ್ತರಕಥೆಯನ್ನು ಹಾಡಿದ. ಅದರಲ್ಲಿ ಸ್ಟ್ಯಾನನ ತಮ್ಮ ಬೆಳೆದು ದೊಡ್ಡವನಾಗಿ ಗಾಯಕನ ಮೇಲೆ ಸೇಡು ತೀರಿಸಿಕೊಳ್ಳಲು ಬರುತ್ತಾನೆ. ತಾನು ಬರೆದ ಹಾಡಿನ ಪಾತ್ರವೇ ತನ್ನನ್ನು ಹುಡುಕಿಕೊಂಡು ಬರುವಂತೆ ಮಾಡಿದ್ದು ಸಾಮಾನ್ಯ ಧೈರ್ಯವಲ್ಲ. ಇಷ್ಟರಲ್ಲಿ ‘ಸ್ಟ್ಯಾನ್’ ಎಂಬುದು ಅಂಧಾಭಿಮಾನಿಯನ್ನು ಸೂಚಿಸುವ ಇಂಗ್ಲಿಷ್ ಪದವೇ ಆಯಿತು. ೨೦೧೯ರಲ್ಲಿ ಮೆರಿಯಂ ವೆಬ್‌ಸ್ಟರ್ ನಿಘಂಟು ಅದಕ್ಕೆ ಸ್ಥಾನ ಕೊಟ್ಟಿತು.

ಮಕ್ಕಳೊಂದಿಗರಿಗೆ ಎಲ್ಲಕ್ಕಿಂತ ಹತ್ತಿರವಾಗಬಹುದಾದದ್ದು ಕೆಂಡ್ರಿಕ್ ಲಮಾರನ ‘ಗುಡ್ ಕಿಡ್, ಮ್ಯಾಡ್ ಸಿಟಿ’. ೨೦೧೨ರಲ್ಲಿ ಬಂದ ಈ ಸಂಪುಟ ಕ್ಯಾಲಿಫೋರ್ನಿಯದ ಕಾಂಪ್ಟನ್ ಎಂಬ ಊರಿನ ಹುಡುಗನೊಬ್ಬನ ಕಥೆ. ಅಮ್ಮನ ವ್ಯಾನನ್ನು ಕೇಳಿ ಪಡೆದು ಹೊರಟವನು ಗೆಳೆಯರ ಜೊತೆಗೂಡಿ ಕಳ್ಳತನಕ್ಕೂ ಹೊಡೆದಾಟಕ್ಕೂ ಸಿಕ್ಕಿಕೊಳ್ಳುತ್ತಾನೆ. ಒಬ್ಬನೇ ಇದ್ದಾಗ ಮಾಡದ ಕೆಲಸವನ್ನು ಗುಂಪಿನಲ್ಲಿ ಏಕೆ ಮಾಡುತ್ತೇನೆಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ಗೆಳೆಯನ ಅಣ್ಣತಮ್ಮಂದಿರಲ್ಲೊಬ್ಬ ಗುಂಡಿಗೆ ಬಲಿಯಾಗುವಷ್ಟು ಕಥೆ ಕಪ್ಪಾಗುತ್ತದೆ. ಈ ರಕ್ತಪಾತದ ನಡುನಡುವೆ ಟೆಲಿಫೋನಿನಲ್ಲಿ ಅಚ್ಚಾದ ಸಂದೇಶಗಳು ಬರುತ್ತವೆ, ಹಾಡುಗಾರನ ತಂದೆತಾಯಿಗಳ ದನಿಯಲ್ಲೇ. ಅಮ್ಮನಿಗೆ ವ್ಯಾನಿನ ಚಿಂತೆ: ಹದಿನೈದು ನಿಮಿಷವೆಂದು ಒಯ್ದದ್ದು ಇನ್ನೂ ಬರಲಿಲ್ಲ. ಅಪ್ಪನಿಗೆ ತನ್ನ ಡಾಮಿನೋ ಆಟದ ಕಾಯಿಗಳು ಎಲ್ಲಿ ಹೋದುವೆಂಬ ಚಿಂತೆ. ಹೊರಗೆ ಮಗ ಸಾವಿನ ಅಂಚಿನಲ್ಲಿ. ಮನೆಯಲ್ಲಿ ಡಾಮಿನೋ ಕಾಯಿಗಳ ರಂಪ! ಯಾವ ಊರಿನ ಯಾವ ಮನೆಯಲ್ಲಿ ಈ ಬಗೆಯ ದೂರು ಕೇಳಿಲ್ಲ?

ಆದರೆ ಕಥೆ ಮುಗಿಯುವ ಮುನ್ನ ಅದೇ ಟೆಲಿಫೋನಿನಲ್ಲಿ ಅದೇ ಅಪ್ಪನ ದನಿ ಮತ್ತೆ ಬರುತ್ತದೆ. ಕೊಲ್ಲುವುದು ಯಾರಿಂದ ಬೇಕಾದರೂ ಆಗುವ ಕೆಲಸ, ಹೊಣೆ ಹೊರುವುದೂ ಸಂಸಾರ ನೋಡಿಕೊಳ್ಳುವುದೂ ನಿಜವಾದ ಗಂಡಸುತನವೆಂಬ ಅರ್ಥದ ಮಾತನ್ನು ಆಡುತ್ತದೆ. ತಪ್ಪಿನಿಂದ ಪಾಠ ಕಲಿತು ಬಂದು ಊರಿನ ಮಕ್ಕಳಿಗೆ ನಿನ್ನ ಕಥೆ ಹೇಳೆಂದು ತಾಯಿ ಬೇಡುತ್ತಾಳೆ. ಡಾಮಿನೋ ಕಾಯಿಗೆ ಕೂಗಾಡಿದವನ ಬಾಯಿಂದ ಬಂದದ್ದರಿಂದಲೇ ಆ ಉಪದೇಶ ಉಪದೇಶವೆನಿಸುವುದಿಲ್ಲ. ನಗಿಸಿದ ಬಾಯಿಗೆ ಕೇಳುಗ ಆಗಲೇ ಕದ ತೆರೆದಿರುತ್ತಾನೆ. ಆ ಸಂಪುಟವೇ ತಾಯಿಯ ಮಾತನ್ನು ಮಗ ನಡೆಸಿಕೊಟ್ಟದ್ದಕ್ಕೆ ಸಾಕ್ಷಿ. ಇದೇ ಹಾಡುಗಾರನ ‘ಡ್ಯಾಮ್’ ಎಂಬ ಮುಂದಿನ ಸಂಪುಟವೊಂದಕ್ಕೆ ೨೦೧೮ರಲ್ಲಿ ಪುಲಿಟ್ಜರ್ ಸಂಗೀತ ಪ್ರಶಸ್ತಿ ಬಂತು. ಶಾಸ್ತ್ರೀಯ ಸಂಗೀತ ಮತ್ತು ಜಾಜ್ ಬಿಟ್ಟು ಹೊರಗಿನವರಿಗೆ ಆ ಗೌರವ ಸಂದದ್ದು ಅದೇ ಮೊದಲು.

ಹಾಡಿನಲ್ಲಿ ‘ನಾನು’ ಎಂದು ತಪ್ಪೊಪ್ಪಿಕೊಳ್ಳುವವನಿಗೆ ಇನ್ನೊಂದು ಅಪಾಯವೂ ಉಂಟು. ಆ ‘ನಾನು’ವನ್ನು ಅಮೆರಿಕದ ಸರ್ಕಾರಿ ವಕೀಲರು ಅಕ್ಷರಶಃ ಹಿಡಿದು, ಹಾಡಿನ ಸಾಲುಗಳನ್ನು ಅಪರಾಧದ ಸಾಕ್ಷ್ಯವಾಗಿ ತೀರ್ಪುಗಾರರ ಮುಂದೆ ಓದಿದ್ದುಂಟು. ಅಂಥ ಒಂದು ಮೊಕದ್ದಮೆಯಲ್ಲಿ ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯ ೨೦೧೪ರಲ್ಲಿ ಈ ಪದ್ಧತಿಯನ್ನು ಒಪ್ಪಲಿಲ್ಲ. ಷೆರೀಫನನ್ನು ಕೊಂದೆನೆಂದು ಹಾಡಿದ ಬಾಬ್ ಮಾರ್ಲೆ ನಿಜವಾಗಿ ಕೊಂದನೆಂದು ಯಾರೂ ಭಾವಿಸುವುದಿಲ್ಲವೆಂದು ಅದು ನೆನಪಿಸಿತು. ಕ್ಯಾಲಿಫೋರ್ನಿಯ ೨೦೨೨ರಲ್ಲಿ ಹಾಡು ಮೊದಲಾದ ಸೃಷ್ಟಿಗಳನ್ನು ಸಾಕ್ಷ್ಯವಾಗಿ ಬಳಸುವುದಕ್ಕೆ ಕಟ್ಟುನಿಟ್ಟಾದ ಮಿತಿ ಹಾಕುವ ಕಾನೂನು ಮಾಡಿತು. ನ್ಯಾಯವಾದದ್ದೇ. ಕಥೆಯಲ್ಲಿ ಹೊಣೆ ಹೊತ್ತವನನ್ನು ಆ ಕಾರಣಕ್ಕಾಗಿಯೇ ಸೆರೆಗೆ ಹಾಕಿದರೆ ಇನ್ನು ಮೇಲೆ ಎಲ್ಲರೂ ನೆಲವನ್ನೇ ದೂರುವರು.

ಹಾಗೆಂದು ಇಂಥ ಹಾಡುಗಳೆಲ್ಲ ಚಿನ್ನವೆಂದು ಹೊಗಳಬೇಕಾಗಿಲ್ಲ. ಹೆಂಗಸರನ್ನು ಹೀನಾಯವಾಗಿ ಕಂಡು ನಗುವ ಹಾಡುಗಳಿವೆ, ಸತ್ತವರನ್ನು ಅಣಕಿಸುವ ಹಾಡುಗಳಿವೆ; ಮೇಲೆ ಹೆಸರಿಸಿದವರೂ ಈ ದೋಷದಿಂದ ಪೂರ್ತಿ ಮುಕ್ತರಲ್ಲ. ಆಕ್ಷೇಪಿಸಿದವರಿಗೆ ‘ಇದು ಬರಿಯ ಕಲೆ’ ಎನ್ನುವುದೂ ಒಂದು ಬಗೆಯ ಡೊಂಕುನೆಲವೇ. ಬೈಗುಳಗಳನ್ನು ಎಣಿಸಿ ಹಾಡಿನ ಗುಣ ಅಳೆಯಲಾಗದು. ತಾಳಕ್ಕೆ ತಲೆದೂಗಿಯೂ ಅಳೆಯಲಾಗದು. ನಗೆಯ ಮೊನೆ ಯಾರ ಕಡೆಗಿದೆ, ಆ ನಗೆ ಎಲ್ಲಿ ನಿಲ್ಲುತ್ತದೆ ಎಂದು ನೋಡಿದರೆ ಸಾಕು. ಇನ್ನೊಬ್ಬನ ಕಡೆಗೆ ತಿರುಗಿ ಕೊನೆಯವರೆಗೂ ನಿಲ್ಲದ ನಗೆ ಟೋಪಿ ಎತ್ತಿಕೊಂಡು ನಡೆದವನ ನಗೆ. ತನ್ನ ಕಡೆಗೇ ತಿರುಗಿ, ಒಂದೆಡೆ ತಟಕ್ಕನೆ ನಿಂತುಬಿಡುವ ನಗೆ ಬೇರೆ.

ಕದ ಮುಚ್ಚಿದ ಕೋಣೆಯ ಹೊರಗೆ ಕುಳಿತ ತಂದೆ ಒಮ್ಮೆ ಆ ಕದ ತಟ್ಟಿ, ಈ ಹಾಡಿನ ಕಥೆಯೇನೆಂದು ಮಗನನ್ನು ಕೇಳಬಹುದು. ಮಗ ಮೊದಲು ಮುಜುಗರಪಟ್ಟಾನು, ಬೈಗುಳಗಳನ್ನು ನುಂಗಿ ಕಥೆಯನ್ನಷ್ಟೇ ಹೇಳಿಯಾನು. ಹೇಳುತ್ತ ಹೇಳುತ್ತ ನಕ್ಕಾನು. ಕಥೆಯ ಯಾವ ಘಟ್ಟದಲ್ಲಿ ಅವನ ನಗೆ ತಾನಾಗಿ ನಿಲ್ಲುತ್ತದೆಂಬುದನ್ನು ಗಮನಿಸಿದರೆ, ಮಗನನ್ನು ಕುರಿತು ಎಷ್ಟೋ ದಿನಗಳಿಂದ ತಿಳಿಯಬೇಕೆಂದಿದ್ದ ಸಂಗತಿ ತಂದೆಗೆ ತಿಳಿದೀತು.